ಎರಡು ಕಿಟಕಿ, ಒಂದು ಪರದೆ

ಆ ಗಂಡಸು ಬೆರಳು ತೋರಿಸಿದ್ದು ತನಗೇ ಎಂಬುದರಲ್ಲಿ ಚಿಜುರುವಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ.

ಹೊಸ ಬಾಡಿಗೆಮನೆಯ ಮೊದಲ ಬೆಳಗು. ಸಾಮಾನಿನ ಪೆಟ್ಟಿಗೆಗಳಿನ್ನೂ ಬಾಯಿ ಬಿಟ್ಟಿರಲಿಲ್ಲ. ಕಿಟಕಿಗೆ ಪರದೆಯಿರಲಿಲ್ಲ. ಆಕೆ ಸಿಂಕಿನ ಮುಂದೆ ನಿಂತು, ಅಂಗಡಿಯಿಂದ ತಂದ ಅನ್ನದುಂಡೆ ತಿನ್ನುತ್ತ, ಎದುರುಮನೆಯ ಕಿಟಕಿಯೊಳಗೆ ನೋಡುತ್ತಿದ್ದಳು. ನೋಡುತ್ತಿದ್ದಳು ಎನ್ನುವುದಕ್ಕಿಂತ, ಬೇರೆ ಕಡೆ ನೋಡಲು ಜಾಗವಿರಲಿಲ್ಲ ಎನ್ನುವುದು ನ್ಯಾಯ. ತಾಜಿಮಿ ಊರಿನ ಹಳೇ ಓಣಿಗಳಲ್ಲಿ ಎರಡು ಮನೆಗಳ ನಡುವೆ ಒಂದು ಸೈಕಲ್ಲು ನುಸುಳಿದರೆ ಅದೇ ಹೆಚ್ಚು.

ಎದುರಿನ ಗಂಡಸು ಎತ್ತರದವನು. ನೀಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ನಿಂತೇ ಚಹಾ ಕುಡಿಯುತ್ತಿದ್ದ. ಮೇಲಿನಿಂದ ಎರಡನೆಯ ಗುಂಡಿ ಮೂರನೆಯದರ ಮನೆಗೆ ಹೋಗಿ ಕುಳಿತಿತ್ತು. ಕಿಟಕಿ ತಟ್ಟಿ ಹೇಳಿಬಿಡಲೇ ಎಂದು ಚಿಜುರುವಿಗೆ ಅನಿಸಿತು. ಅಪರಿಚಿತ ಗಂಡಸಿನ ಗುಂಡಿಯ ಬಗ್ಗೆ ಹಾಗೆ ಅನಿಸಬಾರದು ಎಂದೂ ಅನಿಸಿತು.

ಅಷ್ಟರಲ್ಲಿ ಆತ ಲೋಟ ಕೆಳಗಿಟ್ಟ. ಬೆನ್ನು ಸೆಟೆಸಿದ. ಬಲಗೈಯನ್ನು ಬಾಣದಂತೆ ಚಾಚಿ, ತೋರುಬೆರಳನ್ನು ನೆಟ್ಟಗೆ ಅವಳ ಮೂಗಿಗೆ ಗುರಿಯಿಟ್ಟು, ಗಾಜಿನಾಚೆ ಏನನ್ನೋ ದೊಡ್ಡದಾಗಿ ಘೋಷಿಸಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಗೆ ಚಿಜುರು ಸೇರಿದವಳು. ಅವಳು ಅನ್ನದುಂಡೆ ಸಮೇತ ಸಿಂಕಿನ ಕೆಳಗೆ ಕುಳಿತುಬಿಟ್ಟಳು. ಎದೆ ಡೋಲಿನಂತೆ ಬಡಿಯುತ್ತಿತ್ತು. ಅದರಲ್ಲಿ ಅರ್ಧ ಅವಮಾನ. ಇನ್ನರ್ಧ ಏನೆಂದು ಅವಳು ಆಗ ವಿಚಾರಿಸಲು ಹೋಗಲಿಲ್ಲ.

*

"ನೋಡ್ತಾ ಇದ್ಯಾ ಇಲ್ವಾ, ಅದು ಹೇಳು ಮೊದ್ಲು," ಎಂದಳು ತೊಕಿ ಅತ್ತೆ.

ತೊಕಿ ಅತ್ತೆ ಅವಳ ತಂದೆಯ ಅಕ್ಕ. ಪೇಟೆಬೀದಿಯ ತುದಿಯಲ್ಲಿ ಪರದೆ ಅಂಗಡಿ ಇಟ್ಟು, ಊರಿನ ಅರ್ಧ ಕಿಟಕಿಗಳ ಮಾನ ಕಾಪಾಡಿದವಳು.

"ಕಣ್ಣು ಆ ಕಡೆ ಇತ್ತು, ಅಷ್ಟೇ."

"ಗಂಡಸು ಹೇಗಿದ್ದಾನೆ?"

"ಅತ್ತೆ! ನಾನು ಪರದೆ ತಗೊಳ್ಳೋಕೆ ಬಂದಿರೋದು."

"ಅದನ್ನೇ ಕೇಳ್ದೆ. ಎದುರಿಗೇನಿದೆ ಅಂತ ಗೊತ್ತಾಗ್ದೆ ಪರದೆ ಕೊಡೋಕಾಗುತ್ತಾ? ಗೋಡೆ ಇದ್ರೆ ಒಂದು ಥರ, ಗುಡ್ಡ ಇದ್ರೆ ಒಂದು ಥರ, ಗಂಡಸಿದ್ರೆ ಒಂದು ಥರ."

ಬೆಳಕು ಬಿಡದ ದಪ್ಪ ಪರದೆ ಬೇಕೆಂದಳು ಚಿಜುರು. ಅತ್ತೆ ಅಳತೆಪಟ್ಟಿಯಿಂದ ಅವಳ ತಲೆಯ ಮೇಲೆ ಮೆಲ್ಲಗೆ ಒಂದು ಹೊಡೆದಳು. "ಆ ಮನೆ ಹಿಡಿದಿದ್ದೇ ಕಿಟಕಿಗೋಸ್ಕರ. ಈಗ ಅದನ್ನೇ ಹೂತು ಮಣ್ಣು ಮುಚ್ತೀನಿ ಅಂತೀಯಲ್ಲ!"

ಮಾತು ನಿಜ. ಚಿಜುರು ಮಣ್ಣಿನ ಪಾತ್ರೆ ಸುಡುವ ಆವಿಗೆಯವರಿಗೆ ಬಟ್ಟಲುಗಳ ಮೇಲೆ ಚಿತ್ರ ಬರೆದುಕೊಡುವವಳು. ಒಮ್ಮೆ ಸುಟ್ಟ ಬಿಳಿ ಬಟ್ಟಲಿನ ಮೇಲೆ ಹುಲ್ಲು, ಸಿಗಡಿ, ಅಲೆ. ಬರೆಯುವಾಗ ಬಣ್ಣ ಬೂದಿಯಂತೆ ಕಾಣುತ್ತದೆ. ಎರಡನೆಯ ಸಲ ಬೆಂಕಿಗೆ ಹೋಗಿ ಬಂದ ಮೇಲೆಯೇ ಅದು ನೀಲಿ. ಕೈ ಎಲ್ಲಿ ಗಟ್ಟಿ, ಎಲ್ಲಿ ಹಗುರ ಎಂದು ತಿಳಿಯಬೇಕಾದರೆ ಹಗಲ ಬೆಳಕೇ ಬೇಕು. ಟ್ಯೂಬ್‌ಲೈಟ್ ಸುಳ್ಳು ಹೇಳುತ್ತದೆ.

ಅತ್ತೆ ಒಂದು ತೆಳು ಲೇಸನ್ನು ಎಳೆದು ಬೆಳಕಿಗೆ ಹಿಡಿದಳು. "ಇದು ಹಗಲು ಹೊತ್ತು ಹೊರಗಿಂದ ನೋಡಿದ್ರೆ ಬರೀ ಬಿಳುಪು. ಒಳಗಿಂದ ನಿಂಗೆ ಎಲ್ಲಾ ಕಾಣುತ್ತೆ. ಆದ್ರೆ ದೀಪ ಹಾಕಿದ್ಯೋ, ನಾಟಕ ತಿರುಗಿಬಿತ್ತು. ನೀನು ಸ್ಟೇಜ್ ಮೇಲೆ, ಊರೆಲ್ಲಾ ಕೆಳಗೆ. ಪರದೆ ಅನ್ನೋದು ಗಂಡನ ಥರ ಕಣೆ, ಹಗಲಲ್ಲಿ ನೋಡಿ ಆರಿಸಿದ್ರೆ ಸಾಲ್ದು."

"ಒಳಗಿಂದ ಎಲ್ಲಾ ಕಾಣುತ್ತಾ?"

"ಗುಂಡಿ ಸಮೇತ," ಎಂದಳು ಅತ್ತೆ. ಗುಂಡಿಯ ವಿಷಯ ಬಾಯಿಬಿಟ್ಟಿದ್ದೇ ತಪ್ಪಾಯಿತು.

*

ಲೇಸು ಏರಿತು. ಮರುದಿನ ಬೆಳಿಗ್ಗೆ ಅದರ ಹಿಂದೆ ಕುಂಚ ಹಿಡಿದು ಕುಳಿತ ಚಿಜುರು, ಎದುರಿನ ಕಿಟಕಿಯನ್ನು ಹಕ್ಕಿನಿಂದ ನೋಡಿದಳು. ಆತ ಬಂದ, ಚಹಾ ಕುಡಿದ. ಲೇಸನ್ನು ಕಂಡು ಲೋಟ ಗಾಳಿಯಲ್ಲೇ ನಿಂತಿತು. ಆಮೇಲೆ ಯಾರೂ ಕಾಣದ ಆ ಬಿಳುಪಿಗೆ ಆತ ಸೊಂಟದಿಂದ ಬಾಗಿ ನಮಸ್ಕರಿಸಿದ.

ಅವಳು ಬರೆಯುತ್ತಿದ್ದ ಸಿಗಡಿಗೆ ಒಂದು ಮೀಸೆ ಹೆಚ್ಚಾಯಿತು.

ಸಂಜೆಯ ಹೊತ್ತಿಗೆ ಅವನ ಕಿಟಕಿಗೆ ಬಿದಿರುಕಡ್ಡಿಯ ಪರದೆ ಇಳಿದಿತ್ತು.

'ಅಷ್ಟು ಬೇಜಾರಾಗಿದೆಯೇ ನನ್ನಿಂದ?' ಎಂದುಕೊಂಡಳು. ಹೊಸದಾಗಿ ಬಂದವರು ಅಕ್ಕಪಕ್ಕದವರಿಗೆ ಚೌಕದ ಟವೆಲು ಕೊಟ್ಟು ಬರುವ ಕ್ರಮವಿದೆ. ಅವಳು ಉಳಿದೆಲ್ಲ ಮನೆಗೂ ಕೊಟ್ಟು, ಅವನದನ್ನು ಮಾತ್ರ ಧೈರ್ಯ ಸಾಲದೆ ಉಳಿಸಿಕೊಂಡಿದ್ದಳು. ಅಂದು ಹೋಗಿ ಬಾಗಿಲು ತಟ್ಟಿದಳು.

"ಎದುರುಮನೆಗೆ ಬಂದಿರೋಳು. ತಡವಾಯ್ತು, ಕ್ಷಮಿಸಿ."

"ಸೆಗಾವಾ ಅಂತ. ತಪ್ಪು ನಂದೇ, ನಾನೇ ಬರ್ಬೇಕಿತ್ತು. ನನ್ನಿಂದ ನಿಮ್ಗೆ ತೊಂದ್ರೆ ಆಯ್ತು."

"ಅಯ್ಯೋ, ತೊಂದ್ರೆ ಕೊಟ್ಟಿದ್ದು ನಾನು."

"ಇಲ್ಲ ಇಲ್ಲ, ನಾನು. ನಾನು ಶಿಫ್ಟಲ್ಲಿ ಕೆಲಸ ಮಾಡೋನು. ಹೊತ್ತಲ್ಲದ ಹೊತ್ತಲ್ಲಿ ಎದ್ದು ಓಡಾಡ್ತೀನಿ."

"ನಾನು ಇಡೀ ದಿನ ಕಿಟಕೀಲೇ ಕೂತಿರ್ತೀನಿ. ನಿಮ್ಗೇ ಕಷ್ಟ."

ಹೀಗೆ ಇಬ್ಬರೂ ಬಾಗಿ ಬಾಗಿ ಒಂದೇ ತಪ್ಪಿಗೆ ಹಕ್ಕು ಸಾಧಿಸುತ್ತಿದ್ದಾಗ, ಅವರ ತಲೆಗಳು ಡಿಕ್ಕಿ ಹೊಡೆಯುವುದೊಂದೇ ಬಾಕಿ. ನೆಟ್ಟಗಾದಾಗ ಅವನ ಕಣ್ಣು ಅವಳ ಎಡಗೆನ್ನೆಯ ಮೇಲೆ ನಿಂತಿತು. ನಿಂತು, ಅಲ್ಲೇ ಉಳಿಯಿತು. ಅವನ ತೋರುಬೆರಳು ತನ್ನಷ್ಟಕ್ಕೆ ಮೇಲೆದ್ದಿತು. ಅವಳು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. ಆತ ಆ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದು, ತುಂಟ ಮಗುವನ್ನು ಕೂರಿಸುವಂತೆ, ಕೆಳಗಿಳಿಸಿದ. ಕಿವಿ ಕೆಂಪಾಗಿತ್ತು.

ಮನೆಗೆ ಬಂದು ಕನ್ನಡಿ ನೋಡಿಕೊಂಡರೆ ಕೆನ್ನೆಯ ಮೇಲೆ ಕುಂಚದ ಗುರುತು, ಬೂದಿ ಬಣ್ಣದ ಅರ್ಧಚಂದ್ರ. ಅವಳು ಅದನ್ನು ಬಹಳ ಹೊತ್ತು ಒರೆಸಲಿಲ್ಲ.

*

ಆಮೇಲಿನ ಕಥೆಯನ್ನು ತೊಕಿ ಅತ್ತೆಯ ಗಲ್ಲಾಪೆಟ್ಟಿಗೆ ಚೆನ್ನಾಗಿ ಬಲ್ಲದು.

ಪಾಪ, ಶಿಫ್ಟಿನವರು, ಹಗಲು ನಿದ್ದೆ ಮಾಡುವಾಗ ತನ್ನ ಮನೆಯ ಬೆಳಕು ಕಣ್ಣಿಗೆ ಹೊಡೆಯಬಾರದೆಂದು ಚಿಜುರು ಲೇಸಿನ ಮೇಲೆ ದಪ್ಪ ಬಟ್ಟೆಯ ಪರದೆ ಹಾಕಿಸಿದಳು. ಅದಾದ ಕೆಲವು ದಿನಕ್ಕೆ ಎದುರಿನಲ್ಲಿ ಬಿದಿರಿನ ಹಿಂದೆ ಸುರುಳಿ ಪರದೆಯೊಂದು ಇಳಿಯಿತು. ಅಷ್ಟೂ ಸಾಲಲಿಲ್ಲವೇನೋ ಎಂದು ಇವಳು ಗಾಜಿಗೆ ಆಚೆಯದು ಕಾಣದಂಥ ಮಂಜಿನ ಹಾಳೆ ಅಂಟಿಸಿದಳು. ಜಗಳವಾಡುವವರು ಗೋಡೆ ಕಟ್ಟುವುದನ್ನು ಊರು ಕಂಡಿದೆ. ಇವರು ಮರ್ಯಾದೆಯಿಂದಲೇ ಕೋಟೆ ಕಟ್ಟುತ್ತಿದ್ದರು.

"ಎದುರುಮನೆ ಪರದೆಗಳು ನಿನ್ನ ಅಂಗಡೀವೇನಾ ಅತ್ತೆ?" ಎಂದು ಒಮ್ಮೆ ಕೇಳಿದಳು.

"ಊರಲ್ಲಿ ಬೇರೆ ಅಂಗಡಿ ಎಲ್ಲಿದೆ?"

"ಆತ ಏನಂದ್ರು?"

"ಒಬ್ಬ ಗಿರಾಕಿ ಕಿಟಕಿ ವಿಷಯ ಇನ್ನೊಬ್ಬ ಗಿರಾಕಿಗೆ ಹೇಳಿದ್ರೆ ನಾನು ಅಂಗಡಿ ಮುಚ್ಬೇಕಾಗುತ್ತೆ," ಎಂದು ಅತ್ತೆ ತುಟಿಯ ಮೇಲೆ ಒಂದು ಸೂಜಿಯನ್ನು ಅಡ್ಡ ಹಿಡಿದಳು.

ಮೇ ತಿಂಗಳು ಮುಗಿಯುತ್ತ ಬಂತು. ಚಿಜುರುವಿನ ಅಡುಗೆಮನೆ ಗುಹೆಯಾಯಿತು. ಟ್ಯೂಬ್‌ಲೈಟಿನಡಿ ಬರೆದ ಹುಲ್ಲು ಆವಿಗೆಯಿಂದ ತಂತಿಯಾಗಿ ಹೊರಬಂತು. ಆವಿಗೆಯ ಯಜಮಾನ ಇನಾಗಾಕಿ ಒಂದು ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿ, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಕೈ ನಿಮ್ದೇ, ಬೆಳಕು ಯಾರ್ದೋ," ಎಂದ. "ನಮ್ಮ ಗುಡ್ಡದ ಅಟ್ಟ ಖಾಲಿ ಇದೆ. ಗೋಡೆಯಗಲ ಕಿಟಕಿ. ಎದುರಿಗೆ ನರಪಿಳ್ಳೆ ಇಲ್ಲ. ಬಂದ್ಬಿಡಿ, ಅಲ್ಲೇ ಇದ್ದು ಕೆಲಸ ಮಾಡಿ. ಇನ್ನೊಬ್ರೂ ಕೇಳ್ತಿದ್ದಾರೆ. ಭಾನುವಾರ ಒಂದು ಮಾತು ಹೇಳಿ."

ಎದುರಿಗೆ ನರಪಿಳ್ಳೆ ಇಲ್ಲ. ಚಿತ್ರಗಾರ್ತಿಗೆ ಇದಕ್ಕಿಂತ ವರವಿಲ್ಲ. ಆದರೂ ದಾರಿಯುದ್ದಕ್ಕೂ ಚಿಜುರು ಲೆಕ್ಕ ಹಾಕುತ್ತ ನಡೆದಳು. ಇಲ್ಲಿದ್ದರೆ ಕೆಲಸ ಹೋಗುತ್ತದೆ. ಪರದೆ ತೆಗೆದರೆ, ತನ್ನ ಮುಖ ನೋಡಲಾರದೆ ಎರಡು ಪದರ ಇಳಿಸಿಕೊಂಡ ಮನುಷ್ಯನ ನೆಮ್ಮದಿ ಹೋಗುತ್ತದೆ. ಗುಡ್ಡಕ್ಕೆ ಹೋದರೆ ಏನು ಹೋಗುತ್ತದೆ ಎಂದು ಯೋಚಿಸುವ ಹೊತ್ತಿಗೆ ಕಾಲು ತಾನಾಗಿ ಅತ್ತೆಯ ಅಂಗಡಿಯ ಮುಂದೆ ನಿಂತಿತ್ತು.

"ಭಾನುವಾರದ ತನಕ ಮಾತ್ರ ಇರ್ತೀನಿ. ಅಲ್ಲೀತನಕ ಅವರಿಗೆ ಒಂದು ಚೂರೂ ತೊಂದ್ರೆ ಆಗ್ಬಾರ್ದು. ಇರೋದ್ರಲ್ಲೇ ಕಪ್ಪಾಗಿರೋ ಪರದೆ ಕೊಡು."

ತೊಕಿ ಅತ್ತೆ ಕನ್ನಡಕ ತೆಗೆದಳು. ಕತ್ತರಿಯನ್ನು ಮೇಜಿನ ಮೇಲೆ ಇಟ್ಟಳು.

"ಕೊಡಲ್ಲ."

"ಯಾಕೆ?"

"ನಂಗೂ ಒಂದು ಆತ್ಮಸಾಕ್ಷಿ ಅಂತ ಇದೆ. ಇಷ್ಟು ದಿನ ಅದನ್ನೂ ಪರದೆ ಹಿಂದೆ ಇಟ್ಟಿದ್ದೆ. ಮೊದ್ಲು ಒಂದು ಕೆಲಸ ಮಾಡು. ಗುಡ್ಡದಾಚೆ ಸ್ಟೇಷನ್ನಲ್ಲಿ ಸಸಿ ಮಾರೋ ಅಜ್ಜ ಇದ್ದಾನೆ, ಹಾಗಲಕಾಯಿ ಸಸಿ ತಂದ್ಕೊಡು. ನಾಳೆ ಹತ್ತೂಕಾಲಿನ ಟ್ರೇನಿಗೇ ಹೋಗ್ಬೇಕು. ಮುಂದಿನ ಬಾಗಿಲ ಹತ್ರ ನಿಂತ್ಕೋ. ಅಲ್ಲಿ ಹಿಂದಿನ ಬಾಗಿಲು ತೆಗೆಯಲ್ಲ."

"ಹಾಗಲಕಾಯಿ ಯಾಕೆ?"

"ಬಾಯಿ ಸಿಹಿ ಮಾಡ್ಕೊಳ್ಳೋಕೆ. ಹೋಗೇ."

*

ಹತ್ತೂಕಾಲಿನ ಟ್ರೇನೆಂದರೆ ಎರಡೇ ಡಬ್ಬಿಯ ಡೀಸೆಲ್ ಬಂಡಿ. ಗಾರ್ಡು ಇಲ್ಲ. ಓಡಿಸುವವನೇ ಬಾಗಿಲು ತೆಗೆದು, ಸಣ್ಣ ನಿಲ್ದಾಣಗಳಲ್ಲಿ ಟಿಕೆಟ್ಟನ್ನೂ ಅವನೇ ಇಸಿದುಕೊಳ್ಳಬೇಕು. ಚಿಜುರು ಹೇಳಿದ ಹಾಗೆ ಮುಂದೆ ಹೋಗಿ ನಿಂತಳು. ಚಾಲಕನ ಬೆನ್ನಿಗೂ ಅವಳಿಗೂ ನಡುವೆ ಒಂದು ಗಾಜು ಮಾತ್ರ.

ಚಾಲಕ ಬೆನ್ನು ಸೆಟೆಸಿದ. ಬಿಳಿ ಗವಸಿನ ಬಲಗೈಯನ್ನು ಬಾಣದಂತೆ ಚಾಚಿ, ತೋರುಬೆರಳನ್ನು ಮುಂದಿನ ಕಂಬಕ್ಕೆ ಗುರಿಯಿಟ್ಟು ಗಟ್ಟಿಯಾಗಿ ಕೂಗಿದ.

"ಹೊರಡುವ ಸಿಗ್ನಲ್, ಹಸಿರು!"

ಆ ತೋಳನ್ನು ಅವಳು ಸಾವಿರ ತೋಳುಗಳಲ್ಲಿ ಗುರುತಿಸಬಲ್ಲವಳಾಗಿದ್ದಳು.

ಬೆರಳು ಗಡಿಯಾರಕ್ಕೆ ಹೋಯಿತು. "ಸಮಯ, ಸರಿ!" ಮೀಟರಿಗೆ ಹೋಯಿತು. "ವೇಗ, ಸರಿ!" ತಿರುವಿನ ಫಲಕಕ್ಕೆ, ರೈಲ್ವೆ ಗೇಟಿಗೆ, ಪ್ರತಿಯೊಂದಕ್ಕೂ ಒಂದು ಬೆರಳು, ಒಂದು ಕೂಗು. ಯಾವುದನ್ನೂ ಮರೆಯದಿರಲು ಈ ದೇಶದಲ್ಲಿ ರೈಲು ಓಡಿಸುವವರೆಲ್ಲ ಮಾಡುವುದೇ ಅದು. ಹುಟ್ಟಿದಾಗಿನಿಂದ ಅವಳು ಕಂಡದ್ದೇ ಅದು. ಆದರೆ ಆ ಕೈ ಮನೆಗೂ ಬರುತ್ತದೆ, ಅಡುಗೆಮನೆಯಲ್ಲೂ ಏಳುತ್ತದೆ ಎಂದು ಯಾರಿಗೆ ಹೊಳೆಯಬೇಕು!

ಗ್ಯಾಸು, ಸರಿ. ನಲ್ಲಿ, ಸರಿ. ಕಿಟಕಿಯ ಚಿಲಕ, ಸರಿ. ಆ ಚಿಲಕದ ಹಿಂದೆ, ನೇರಕ್ಕೆ ನೇರ, ಅನ್ನದುಂಡೆ ಹಿಡಿದ ಒಬ್ಬ ಪೆದ್ದಿ.

ಚಿಜುರುವಿಗೆ ನಗು ಬಂತು. ಅಳುವೂ ಬಂತು. ಎರಡೂ ಒಂದೇ ಬಾಗಿಲಿಗೆ ನುಗ್ಗಿ ಮೂಗಿನಿಂದ ವಿಚಿತ್ರ ಸದ್ದೊಂದು ಹೊರಬಿತ್ತು. ಆದರೆ ಬೆರಳು ತನ್ನದಲ್ಲವೆಂದಾದರೆ ಆ ಎರಡು ಪದರ ಪರದೆಗಳು ಯಾರಿಗೆ?

ಸುರಂಗಕ್ಕೆ ಮುಂಚಿನ ನಿಲ್ದಾಣದಲ್ಲಿ ಬಂಡಿ ನಿಂತಿತು. ಸೆಗಾವಾ ಎದ್ದು ಬೆನ್ನ ಹಿಂದಿನ ಗಾಜಿನ ಪರದೆ ಎಳೆಯಲು ತಿರುಗಿದ. ಗಾಜಿಗೆ ಮೂಗು ತಾಗಿಸಿ ನಿಂತ ಚಿಜುರು ಎದುರಿಗಿದ್ದಳು.

ಕೈ ಪರದೆಯ ಮೇಲೆ ನಿಂತಿತು. ಅವನ ಕಣ್ಣು ಮೊದಲು ಅವಳ ಕಣ್ಣಿಗೆ, ಆಮೇಲೆ, ಅಭ್ಯಾಸದಂತೆ, ಎಡಗೆನ್ನೆಗೆ ಹೋಯಿತು. ಅಲ್ಲಿ ಏನೂ ಇಲ್ಲದ್ದು ಕಂಡು ಕೊಂಚ ನಿರಾಸೆಯಾದಂತಿತ್ತು. ಬಳಿಕ ಕರ್ತವ್ಯ ನೆನಪಾಗಿ, ಒಂದು ಸಣ್ಣ ನಮಸ್ಕಾರ ಹಾಕಿ, ಪರದೆಯನ್ನು ಸರ್ರನೆ ಕೆಳಗೆಳೆದ.

"ಇಲ್ಲೂ ಪರದೆ!" ಎಂದಳು ಚಿಜುರು, ಗಟ್ಟಿಯಾಗಿಯೇ.

ಪಕ್ಕದ ಸೀಟಿನಲ್ಲಿ ಸೊಪ್ಪಿನ ಗಂಟು ಹಿಡಿದ ಅಜ್ಜಿ ತಲೆಯೆತ್ತಿದಳು. "ಸುರಂಗ ಬರುತ್ತಲ್ಲ ಮಗಳೇ. ನಮ್ಮ ಈಚೆ ಬೆಳಕು ಅವರ ಮುಂದಿನ ಗಾಜಲ್ಲಿ ಹೊಳೆಯುತ್ತೆ. ಆಗ ಅವರಿಗೆ ದಾರಿ ಕಾಣಲ್ಲ, ನಾವೇ ಕಾಣ್ತೀವಿ. ಅದಕ್ಕೇ ಇಳಿಸ್ತಾರೆ. ನಮ್ಮ ಮೇಲೆ ಕೋಪಕ್ಕಲ್ಲ."

ಸುರಂಗದುದ್ದಕ್ಕೂ ಚಿಜುರು ಆ ಇಳಿದ ಪರದೆಯನ್ನೇ ನೋಡುತ್ತ ನಿಂತಳು. ಅಷ್ಟು ಚೆಂದದ ಪರದೆಯನ್ನು ಅವಳು ಅತ್ತೆಯ ಅಂಗಡಿಯಲ್ಲೂ ಕಂಡಿರಲಿಲ್ಲ.

ಇಳಿಯುವ ನಿಲ್ದಾಣ ಬಂತು. ಸೆಗಾವಾ ಟಿಕೆಟ್ ಡಬ್ಬಿಯ ಪಕ್ಕ ಬಂದು ನಿಂತ. ಟೋಪಿ ನೆಟ್ಟಗಿತ್ತು, ಕಿವಿ ಕೆಂಪಗಿತ್ತು.

"ಆವತ್ತು ಬೆಳಿಗ್ಗೆ," ಎಂದಳು ಚಿಜುರು ಟಿಕೆಟ್ಟನ್ನು ಬಿಡದೆ ಹಿಡಿದು, "ನೀವು ಬೆರಳು ತೋರ್ಸಿದ್ದು ಚಿಲಕಕ್ಕಾ?"

"ಹೌದು, ಚಿಲಕಕ್ಕೆ. ಮತ್ತಿನ್ಯಾವುದಕ್ಕೆ..." ಎಂದವನು ಅರ್ಧಕ್ಕೆ ನಿಂತ. ಮುಖದ ಬಣ್ಣ ಇಳಿಯಿತು. "ನಿಮ್ಗೆ ಅಂದ್ಕೊಂಡ್ರಾ? ದೇವ್ರೇ! ಅದಕ್ಕೇನಾ ಆ ಲೇಸು?"

"ಮತ್ತೆ ನಿಮ್ಮ ಬಿದಿರು ಪರದೆ?"

"ನನ್ನಿಂದ ನಿಮ್ಗೆ ಮುಜುಗರ ಅಂತ."

"ಆಮೇಲಿನ ಸುರುಳಿ ಪರದೆ?"

ಆತ ನೆಟ್ಟಗಿದ್ದ ಟೋಪಿಯನ್ನೇ ಮತ್ತೆ ನೆಟ್ಟಗೆ ಮಾಡಿಕೊಂಡ. "ಅದು... ಅದು ಸುರಕ್ಷತೆ ವಿಷಯ."

"ಯಪ್ಪಾ, ಸೊಪ್ಪು ಬಾಡ್ತಿದೆ," ಎಂದಳು ಹಿಂದಿನಿಂದ ಅಜ್ಜಿ. "ಮಾತಾಡ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ನನ್ನನ್ನ ಇಳಿಸಿ ಮಾತಾಡ್ಕೊಳ್ಳಿ."

"ನಾಳೆ ನಂಗೆ ರಜ," ಎಂದ ಸೆಗಾವಾ ಗಡಿಯಾರ ನೋಡಿ, ಒಂದೇ ಉಸಿರಿಗೆ. "ನಾಳೆ ಬೆಳಿಗ್ಗೆ ಹೇಳ್ತೀನಿ. ಸಮಯವಾಯ್ತು. ದಯವಿಟ್ಟು ಹಳದಿ ಗೆರೆಯ ಹಿಂದೆ ನಿಂತ್ಕೊಳ್ಳಿ."

ಅವಳು ಹಳದಿ ಗೆರೆಯ ಹಿಂದೆ ನಿಂತಳು. ಮುಂದಿನ ಕಿಟಕಿಯಲ್ಲಿ ಬಿಳಿ ಗವಸು ಏರಿತು. "ಹೊರಡುವ ಸಿಗ್ನಲ್, ಹಸಿರು!" ಎಂಬ ಕೂಗಿನಲ್ಲಿ ಅಂದು ಸ್ವಲ್ಪ ಬಿರುಕಿತ್ತು. ಆದರೂ ಬಂಡಿ ಸಮಯಕ್ಕೆ ಸರಿಯಾಗಿಯೇ ಹೊರಟಿತು. ಅದು ಅವಳಿಗೆ ಕೊಂಚ ಕೋಪ ತರಿಸಿತು. ಬಹಳ ಇಷ್ಟವೂ ಆಯಿತು.

*

ಬೆಳಗಾಗುತ್ತಲೇ ಚಿಜುರು ಸ್ಟೂಲು ಹತ್ತಿದಳು. ದಪ್ಪ ಪರದೆ ಇಳಿಸಿದಳು. ಲೇಸು ಇಳಿಸಿದಳು. ಬಿಸಿನೀರಿನಲ್ಲಿ ಒದ್ದೆ ಮಾಡಿ ಮಂಜಿನ ಹಾಳೆಯನ್ನು ಉಗುರಿನಿಂದ ಕೆರೆದು ಸುಲಿದಳು. ಬೆಳಕು ಒಳಗೆ ನುಗ್ಗಿ, ತಿಂಗಳಿಂದ ಕಾದಿದ್ದ ನೆಂಟರಂತೆ ಎಲ್ಲೆಂದರಲ್ಲಿ ಕುಳಿತುಕೊಂಡಿತು. ಗಾಜು ಸರಿಸಿ ಅವಳು ನಿಂತಳು. ಕೈಯಲ್ಲಿ ಅನ್ನದುಂಡೆ ಇತ್ತು, ಕೈಗೊಂದು ಕೆಲಸವಿರಲೆಂದು.

ಎದುರಿನಲ್ಲಿ ಸುರುಳಿ ಪರದೆ ಮೇಲೇರಿತು. ಬಿದಿರು ಮೇಲೇರಿತು. ಗಾಜು ಸರಿಯಿತು. ಅದೇ ನೀಲಿ ಅಂಗಿ, ಅದೇ ತಪ್ಪು ಗುಂಡಿ.

"ಸುರಕ್ಷತೆ ವಿಷಯ ಅಂದ್ರಲ್ಲ," ಎಂದಳು. ನಡುವೆ ಸೈಕಲ್ಲಿನಗಲದ ಗಾಳಿ ಮಾತ್ರ. ಪಿಸುಗುಟ್ಟಿದರೂ ಸಾಕಿತ್ತು.

"ನೀವು ಚಿತ್ರ ಬರೆಯೋವಾಗ ನಾಲಿಗೆ ತುದಿ ಒಂಚೂರು ಹೊರಗೆ ಬರುತ್ತೆ."

"ಏನು?"

"ಬರುತ್ತೆ. ಕಷ್ಟದ ಗೆರೆ ಆದ್ರೆ ಜಾಸ್ತಿ ಬರುತ್ತೆ. ಒಂದು ಸಂಜೆ ದಪ್ಪ ಪರದೆ ಎಳೀದೇನೇ ದೀಪ ಹಾಕ್ಕೊಂಡು ಬರೀತಿದ್ರಿ, ಬಿದಿರಿನ ಸಂದಿಯಿಂದ ಲೇಸಿನೊಳಗೆ ಎಲ್ಲಾ ಕಾಣ್ತಿತ್ತು. ನೋಡ್ತಾ ನಿಂತೆ. ಗ್ಯಾಸು ಚೆಕ್ ಮಾಡೋದು ಮರೆತುಹೋಯ್ತು." ಆತ ಅಪರಾಧ ಒಪ್ಪಿಕೊಳ್ಳುವ ದನಿಯಲ್ಲಿ ನುಂಗಿ ನುಂಗಿ ಹೇಳಿದ. "ನಾನು ಕೆಲಸಕ್ಕೆ ಸೇರಿದಾಗಿನಿಂದ ಯಾವ್ದನ್ನೂ ಮರೆತೋನಲ್ಲ. ಹೀಗೇ ಬಿಟ್ರೆ ಸಿಗ್ನಲ್ ಮುಂದೂ ನೀವೇ ಕಾಣ್ತೀರಿ ಅಂತ ಹೆದರಿಕೆ ಆಯ್ತು. ಅದಕ್ಕೇ ನಿಮ್ಮತ್ತೆ ಹತ್ರ ಹೋಗಿ, ಆಚೆ ಏನೂ ಕಾಣದ ಹಾಗಿರೋದು ಕೊಡಿ ಅಂದೆ."

ಚಿಜುರುವಿನ ಕಿವಿಯಲ್ಲಿ ಸುರಂಗದ ಸದ್ದು ತುಂಬಿತು. ಬೆಳಕು ಹೊಳೆಯುತ್ತದೆ, ದಾರಿ ಕಾಣುವುದಿಲ್ಲ, ಕೋಪಕ್ಕಲ್ಲ.

"ಆವಿಗೆಯವರು ಗುಡ್ಡದ ಮೇಲೆ ಮನೆ ಕೊಡ್ತೀನಿ ಅಂದಿದ್ದಾರೆ," ಎಂದಳು. "ನಾನು ಹೋದ್ರೆ ನಿಮ್ಮ ಸುರಕ್ಷತೆಗೆ ಒಳ್ಳೇದೇ."

"ಹೋಗ್ತೀರಾ?"

"ಎದುರಿಗೆ ನರಪಿಳ್ಳೆ ಇಲ್ವಂತೆ. ಗುಂಡಿ ತಪ್ಪು ಹಾಕೋರು ಯಾರೂ ಸಿಗಲ್ಲ."

ಆತ ತಲೆ ಬಗ್ಗಿಸಿ ಗುಂಡಿ ನೋಡಿಕೊಂಡ. ಸರಿ ಮಾಡಲಿಲ್ಲ. ಬದಲಿಗೆ ಬೆನ್ನು ಸೆಟೆಸಿದ. ಬಲಗೈ ಚಾಚಿದ.

"ಗ್ಯಾಸು, ಸರಿ!" ಒಲೆಯತ್ತ ಬೆರಳು. "ನಲ್ಲಿ, ಸರಿ!" ಸಿಂಕಿನತ್ತ ಬೆರಳು. "ಚಿಲಕ, ತೆರೆದಿದೆ, ಸರಿ!" ಆಮೇಲೆ ಬೆರಳು ಚಿಲಕ ದಾಟಿ, ಓಣಿ ದಾಟಿ, ನೆಟ್ಟಗೆ ಅವಳತ್ತ ಬಂದು ನಿಂತಿತು. ಈ ಸಲ ಅನುಮಾನವೇ ಇಲ್ಲ.

"ಎದುರು ಕಿಟಕಿ..." ಎಂದ. ಅಲ್ಲಿಗೆ ಸಿಕ್ಕಿಹಾಕಿಕೊಂಡ. ಮುಂದಿನ ಕೂಗನ್ನು ಅವನಿಗೆ ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ.

ಚಿಜುರು ಅನ್ನದುಂಡೆ ಕೆಳಗಿಟ್ಟಳು. ಬೆನ್ನು ಸೆಟೆಸಿದಳು. ತನ್ನ ಬೆರಳನ್ನು ಅವನ ಬೆರಳಿಗೆ ಎದುರು ಹಿಡಿದು, ಇಡೀ ಓಣಿಗೆ ಕೇಳುವಂತೆ ಕೂಗಿದಳು.

"ಎದುರು ಕಿಟಕಿ, ಹಸಿರು!"

ಕಿಟಕಿಯಿಂದ ಬಗ್ಗಿದರೆ ಬೆರಳುಗಳ ನಡುವೆ ಎಷ್ಟು ದೂರ ಉಳಿಯುತ್ತದೆ ಎಂದು ಅಳೆಯುವ ಅವಕಾಶ ಇಬ್ಬರಿಗೂ ಸಿಗಲಿಲ್ಲ. ಬೆರಳುಗಳು ಮುಟ್ಟಿಯೇಬಿಟ್ಟಿದ್ದವು.

"ಕೂಗಾಟ ಮುಗೀತಾ?" ಎಂದು ಬದಿಯಿಂದ ಒಂದು ದನಿ ಬಂತು. ಓಣಿಯ ಬಾಯಲ್ಲಿ ತೊಕಿ ಅತ್ತೆ ನಿಂತಿದ್ದಳು. ಬೆನ್ನ ಮೇಲೆ ಸುತ್ತಿದ ಬಲೆ, ಕೈಯಲ್ಲಿ ಚಿಜುರು ಹಿಂದಿನ ದಿನ ತಂದುಕೊಟ್ಟಿದ್ದ ಹಾಗಲ ಸಸಿಗಳ ತಟ್ಟೆ.

"ಕೈ ಬಿಡಿ, ಈ ಬಲೆ ತುದಿ ಹಿಡ್ಕೊಳ್ಳಿ. ಸೆಗಾವಾ ಅವ್ರೇ, ನೀವು ಆ ಸೂರಿಗೆ ಕಟ್ಟಿ. ಚಿಜುರು, ನೀನು ಈ ಸೂರಿಗೆ. ಇಬ್ರೂ ಪರದೆ ಕಿತ್ತಾಕಿ ಕುಣೀತಿದ್ದೀರಿ, ಜುಲೈ ಬಂದು ನಡುನೆತ್ತಿ ಬಿಸಿಲು ಈ ಓಣಿಗೆ ಇಳಿದ್ರೆ ಬಟ್ಟಲು ಸುಡೋಕೆ ಆವಿಗೆ ಬೇಕಾಗಲ್ಲ. ಬೇಸಗೇಲಿ ಬಳ್ಳಿ ನೆರಳು ಕೊಡುತ್ತೆ, ಚಳೀಲಿ ತಾನೇ ಒಣಗಿ ಬೆಳಕು ಬಿಡುತ್ತೆ. ಒಗೆಯೋ ಹಾಗಿಲ್ಲ, ಇಸ್ತ್ರಿ ಇಲ್ಲ. ಮೇಲೆ ಸಾರಿಗೂ ಆಯ್ತು."

"ಅತ್ತೆ, ಇದು ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳ್ಬೋದಿತ್ತು," ಎಂದಳು ಅತ್ತೆ. "ಆದ್ರೆ ಎರಡು ಕಿಟಕಿಗೆ ಒಂದು ಪರದೆ ಸಾಕು ಅಂತ ಮೊದ್ಲೇ ಹೇಳೋ ಅಂಗಡಿಯೋಳು ಪ್ರಪಂಚದಲ್ಲಿ ಎಲ್ಲಿದ್ದಾಳೆ? ಅದನ್ನ ಗಿರಾಕಿಗಳೇ ಕಂಡ್ಕೋಬೇಕು."

ಭಾನುವಾರ ಚಿಜುರು ಆವಿಗೆಗೆ ಹೋಗಿ ಗುಡ್ಡದ ಅಟ್ಟ ಬೇಡವೆಂದಳು. ಇನಾಗಾಕಿ ಕಾರಣ ಕೇಳಲಿಲ್ಲ. ಅವಳು ತಂದ ಹೊಸ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದ. ಹುಲ್ಲಲ್ಲ, ಸಿಗಡಿಯಲ್ಲ. ಬಟ್ಟಲಿನ ಒಂದು ಅಂಚಿನಿಂದ ಹೊರಟ ಬಳ್ಳಿ ಇನ್ನೊಂದು ಅಂಚನ್ನು ಹಿಡಿದಿತ್ತು. ಬಣ್ಣ ಇನ್ನೂ ಬೂದಿಯಂತೆಯೇ ಇತ್ತು.

"ಬೆಂಕಿಗೆ ಹೋಗಿ ಬರ್ಲಿ," ಎಂದ ಯಜಮಾನ. "ಆದ್ರೆ ಇದು ನೀಲಿ ಅಂತ ಈಗ್ಲೇ ಗೊತ್ತಾಗುತ್ತೆ."